ಮರ ನೆಟ್ಟವರು, ಬೇಲಿ ಹಾಕಿದವರು

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಮುಳಬಾಗಿಲು. ವಾಪಸ್ ಬರುವಾಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡೀತಾ ನಿಂತಿದ್ದೆ. "ಏನಪ್ಪಾ ಇಂಜಿನಿಯರ್ರು, ಗುರುತು ಸಿಗ್ಲಿಲ್ವಾ?" ಅಂತ ಯಾರೋ ಬೆನ್ನು ತಟ್ಟಿದರು. ತಿರುಗಿ ನೋಡಿದ್ರೆ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಅಣ್ಣ! ಮಾಲೂರಿನ ಬಸ್ಸಿಗೆ ಕಾಯುತ್ತಿದ್ದರು. ಅದೂ ಇದೂ ಮಾತಾಡಿ, "ಈಗ ಎಲ್ಲಿ ಕೆಲ್ಸ?" ಅಂದರು. "ಬೆಂಗಳೂರಲ್ಲೇ ಅಣ್ಣ. ನೆಟ್‌ವರ್ಕ್ ಸ್ವಿಚ್ಚುಗಳಿಗೆ ಸಾಫ್ಟ್‌ವೇರ್ ಬರೆಯೋದು" ಅಂದೆ. ಅವರು ನಕ್ಕರು. "ಓ, ಆ ಸ್ವಿಚ್ಚಾ? ಆವತ್ತು ನಾನು ಕೆಡಿಸಿದ್ನಲ್ಲ, ಅದೇ ತಾನೆ?"

ನಗು ಬರಲಿಲ್ಲ ನನಗೆ. ಏನೋ ಹೇಳಬೇಕು ಅನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಹತ್ತಿ ಹೋದರು.

"ಆವತ್ತು" ಅಂದ್ರೆ 2018. ನಾನು ಆಗ ಮೂರನೇ ವರ್ಷದಲ್ಲಿದ್ದೆ. ಆನ್‌ಲೈನಿನಲ್ಲಿ ಪರೀಕ್ಷೆಯ ಅರ್ಜಿ ತುಂಬಲು ಕೊನೆಯ ದಿನ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಡೀ ಕಾಲೇಜಿನ ನೆಟ್‌ವರ್ಕ್ ಸತ್ತುಹೋಯಿತು. ಲ್ಯಾಬಿನ ಸ್ವಿಚ್ಚಿನ ದೀಪಗಳೆಲ್ಲಾ ಒಟ್ಟಿಗೆ ದೀಪಾವಳಿ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುತ್ತಿದ್ದವು, ಆದ್ರೆ ಯಾವ ಪುಟವೂ ತೆರೆಯುತ್ತಿರಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಕಾರಣ ಸಿಕ್ಕಿತು. ಕಸ ಗುಡಿಸುವಾಗ ಅಣ್ಣನಿಗೆ ಗೋಡೆಯಿಂದ ಒಂದು ಕೇಬಲ್ ನೇತಾಡುವುದು ಕಂಡಿದೆ. ಅದರ ತುದಿಯನ್ನು ಪಕ್ಕದ ಖಾಲಿ ಪೋರ್ಟಿಗೆ ಸಿಕ್ಕಿಸಿದ್ದಾರೆ. "ನೇತಾಡ್ತಿತ್ತು ಸಾರ್, ಹುಡುಗ್ರು ಎಡವಿ ಬಿದ್ದಾರು ಅಂತ ಸಿಕ್ಕಿಸ್ದೆ" ಅಂದರು ಪಾಪ. ಎಲ್ಲರ ಮುಂದೆ ಬೈಸಿಕೊಂಡರು, ವಿವರಣೆ ಬರೆದುಕೊಟ್ಟರು. ನಾವು ಹುಡುಗರು ನಕ್ಕೆವು. ನಾನೂ ನಕ್ಕಿದ್ದೆ.

ಈಗ ಅದೇ ವಿಷಯ ನನ್ನ ಅನ್ನ. ಆವತ್ತಿನ ತಪ್ಪು ಅವರದ್ದಲ್ಲ ಅಂತ ನನಗೆ ಈಗ ಚೆನ್ನಾಗಿ ಗೊತ್ತು. ಹಾಗಾದ್ರೆ ಯಾರದ್ದು? ಅದನ್ನು ಹೇಳಬೇಕಾದ್ರೆ ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಬನ್ನಿ, ಹೋಗೋಣ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

*

ಮೊದಲು ಸಮಸ್ಯೆ ಏನು ಅಂತ ನೋಡೋಣ. ನಮ್ಮ ಜಿಲ್ಲೆಯನ್ನೇ ತಗೊಳ್ಳಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಕಡೆ ಒಂದೊಂದು ಸ್ವಿಚ್ಚು ಇದೆ ಅಂತ ಇಟ್ಕೊಳ್ಳಿ. ಕೋಲಾರದಿಂದ ಮೂರು ಊರಿಗೂ ಒಂದೊಂದು ತಂತಿ. ಒಂದು ತಂತಿ ಕಿತ್ತುಹೋದ್ರೆ ಇರಲಿ ಅಂತ ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನೇರ ಇನ್ನೊಂದು ತಂತಿ.

ಸ್ವಿಚ್ಚಿನ ಬುದ್ಧಿ ಬಹಳ ಸರಳ. "ಎಲ್ಲರಿಗೂ" ಅಂತ ವಿಳಾಸ ಇರುವ ಕಾಗದ ಬಂದರೆ, ಬಂದ ದಾರಿಯೊಂದನ್ನು ಬಿಟ್ಟು ಉಳಿದ ಎಲ್ಲಾ ದಾರಿಗೂ ಒಂದೊಂದು ಪ್ರತಿ ಕಳಿಸುತ್ತದೆ. ಈಗ ಕೋಲಾರದಿಂದ ಅಂಥ ಒಂದು ಕಾಗದ ಹೊರಟಿತು ಅನ್ನಿ. ಮುಳಬಾಗಿಲಿಗೆ ಹೋದದ್ದು ಶ್ರೀನಿವಾಸಪುರಕ್ಕೆ ಹೋಗುತ್ತೆ, ಅಲ್ಲಿಂದ ಮತ್ತೆ ಕೋಲಾರಕ್ಕೆ. ಶ್ರೀನಿವಾಸಪುರಕ್ಕೆ ಹೋದದ್ದು ಮುಳಬಾಗಿಲಿನ ಮೇಲೆ ಮತ್ತೆ ಕೋಲಾರಕ್ಕೆ. ಕೋಲಾರದ ಸ್ವಿಚ್ಚಿಗೆ ಇದು ತಾನೇ ಕಳಿಸಿದ ಕಾಗದ ಅನ್ನೋ ನೆನಪಿಲ್ಲ. ಮತ್ತೆ ಕಳಿಸುತ್ತೆ. ಹೀಗೆ ಎರಡು ಪ್ರತಿಗಳು ಎದುರುಬದುರು ದಿಕ್ಕಿನಲ್ಲಿ ಗಿರಗಿರ ಸುತ್ತುತ್ತಲೇ ಇರುತ್ತವೆ. ಪ್ರತಿ ಸುತ್ತಿಗೂ ಮಾಲೂರಿಗೆ ಒಂದೊಂದು ನಕಲು ಹೋಗಿ ಬೀಳುತ್ತೆ. ಮಾಲೂರು ಈ ಸುತ್ತಿನಲ್ಲೇ ಇಲ್ಲ, ಆದ್ರೂ ಪೆಟ್ಟು ತಪ್ಪಲ್ಲ! ಕಂಪ್ಯೂಟರುಗಳು ಇಂಥ ಕಾಗದಗಳನ್ನು ಸದಾ ಕಳಿಸುತ್ತಲೇ ಇರುತ್ತವೆ. ಒಂದೊಂದೂ ಈ ಸುತ್ತಿಗೆ ಸೇರಿಕೊಂಡರೆ ಕೆಲವೇ ಸೆಕೆಂಡುಗಳಲ್ಲಿ ತಂತಿ ಪೂರ್ತಿ ಭರ್ತಿ. ಇದಕ್ಕೆ ಬ್ರಾಡ್‌ಕಾಸ್ಟ್ ಸ್ಟಾರ್ಮ್ ಅನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿ ಆದದ್ದು ಇದೇ.

ಅಲ್ಲ, ಸುತ್ತಿ ಸುತ್ತಿ ಸುಸ್ತಾಗಿ ಆ ಕಾಗದ ಸಾಯಲ್ವಾ? ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಾದರೆ ಸಾಯುತ್ತೆ. ಅದರ ಹಣೆಯಲ್ಲಿ ಹೆಚ್ಚೆಂದರೆ 255ರವರೆಗಿನ ಒಂದು ಸಂಖ್ಯೆ ಇರುತ್ತೆ. ಪ್ರತಿ ರೌಟರಿನಲ್ಲೂ ಅದು ಒಂದೊಂದು ಕಡಿಮೆಯಾಗುತ್ತೆ, ಸೊನ್ನೆಯಾದರೆ ಕಥೆ ಮುಗೀತು. ಆದ್ರೆ ಈಥರ್ನೆಟ್ಟಿನ ಫ್ರೇಮಿಗೆ ಅಂಥ ಆಯುಸ್ಸು ಬರೆದಿಲ್ಲ. ಯಾಕಂದ್ರೆ 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ಟಿನ ಯೋಚನೆ ಮಾಡಿದಾಗ ಅದು ಒಂದೇ ಒಂದು ಕೇಬಲ್. ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಜೋತುಬಿದ್ದಿರುತ್ತವೆ. ಒಂದೇ ಕೇಬಲಿನಲ್ಲಿ ಸುತ್ತು ಎಲ್ಲಿಂದ ಬರಬೇಕು?

*

ಮರ ನೆಟ್ಟವರ ಕಥೆ ಶುರುವಾಗುವುದು ಇಲ್ಲಿಂದ. 1980ರ ದಶಕ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದ್ರೆ ಡೆಕ್. ಅಲ್ಲಿ ರೇಡಿಯಾ ಪರ್ಲ್‌ಮನ್ ಅನ್ನೋ ಎಂಜಿನಿಯರ್ ಇದ್ದರು. ಆಕೆಯ ಕ್ಷೇತ್ರ ರೌಟಿಂಗ್. ಬೇರೆ ಬೇರೆ ಈಥರ್ನೆಟ್ಟುಗಳನ್ನು ಸೇರಿಸಬೇಕಾದ್ರೆ ರೌಟರ್ ಇಡಿ ಅನ್ನೋದು ಆಕೆಯ ವಾದ. ಆದ್ರೆ ಜನ ಆಗಲೇ ಈಥರ್ನೆಟ್ಟೇ ಪೂರ್ತಿ ನೆಟ್‌ವರ್ಕ್ ಅಂದುಕೊಂಡು, ಅದರ ಮೇಲೆ ನೇರವಾಗಿ ತಂತ್ರಾಂಶಗಳನ್ನು ಬರೆದುಬಿಟ್ಟಿದ್ದರು. ಅವು ರೌಟರಿನ ಮೂಲಕ ದಾಟುತ್ತಿರಲಿಲ್ಲ. ಆ ತಂತ್ರಾಂಶಗಳನ್ನು ಮುಟ್ಟದೆ ಎರಡು ಕೇಬಲ್ ಸೇರಿಸುವ ಪೆಟ್ಟಿಗೆ ಬೇಕಿತ್ತು. ಅದೇ ಬ್ರಿಡ್ಜ್. ಇವತ್ತಿನ ಸ್ವಿಚ್ಚಿನ ಅಜ್ಜ.

ಬ್ರಿಡ್ಜ್ ಬಂದ ಮೇಲೆ ಸುತ್ತೂ ಬಂತು. ಇದಕ್ಕೊಂದು ದಾರಿ ಹುಡುಕು ಅಂತ ಆಕೆಯ ಮ್ಯಾನೇಜರ್ ಒಂದು ಶುಕ್ರವಾರ ಹೇಳಿ, ತಾವು ರಜೆಗೆ ಹೊರಟುಹೋದರು. (ಮ್ಯಾನೇಜರುಗಳು ಎಲ್ಲ ಕಾಲದಲ್ಲೂ ಹೀಗೇ!) ಆಕೆಗೆ ಅವತ್ತು ರಾತ್ರಿಯೇ ಉತ್ತರ ಹೊಳೆಯಿತಂತೆ. ಸೋಮವಾರ, ಮಂಗಳವಾರ ಕೂತು ಅದನ್ನು ವಿವರವಾಗಿ ಬರೆದಿಟ್ಟರು. ಉಳಿದ ವಾರ ಮಾಡುವುದೇನು? ಮ್ಯಾನೇಜರ್ ರಜೆಯಲ್ಲಿ, ತೋರಿಸೋಣ ಅಂದ್ರೆ ಯಾರೂ ಇಲ್ಲ. ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಸರಿ, ಆ ಅಲ್ಗಾರಿದಮ್ಮಿನ ಮೇಲೆ ಒಂದು ಪದ್ಯ ಬರೆದರು! ಜಾಯ್ಸ್ ಕಿಲ್ಮರ್ ಎಂಬ ಕವಿಯ "ಟ್ರೀಸ್" ಕವಿತೆಯ ಧಾಟಿಯಲ್ಲಿ. ಹೆಸರು "ಆಲ್ಗೊರೈಮ್". 1985ರಲ್ಲಿ ಪ್ರಕಟವಾದ ಪ್ರಬಂಧದಲ್ಲೂ ಅದು ಇದೆ.

ಉತ್ತರ ಏನು? ತಂತಿಗಳ ಜಾಲದೊಳಗೆ ಒಂದು ಮರವನ್ನು ಹುಡುಕಿಕೊಳ್ಳುವುದು. ಎಲ್ಲ ಸ್ವಿಚ್ಚುಗಳನ್ನೂ ಮುಟ್ಟಬೇಕು, ಆದ್ರೆ ಎಲ್ಲೂ ಸುತ್ತು ಇರಬಾರದು. ಅದೇ ಸ್ಪ್ಯಾನಿಂಗ್ ಟ್ರೀ. ಮರಕ್ಕೆ ಸೇರದ ತಂತಿಯನ್ನು ಕಿತ್ತುಹಾಕಬೇಕಿಲ್ಲ, ಸುಮ್ಮನೆ ಮುಚ್ಚಿಟ್ಟರಾಯಿತು. ಇನ್ನೊಂದು ತಂತಿ ಹರಿದರೆ ಆಗ ತೆರೆದುಕೊಳ್ಳಬಹುದು.

ಇದನ್ನು ಮಾಡಲು ಯಾರೂ ಯಜಮಾನಿಕೆ ವಹಿಸಬೇಕಿಲ್ಲ. ಪ್ರತಿ ಸ್ವಿಚ್ಚೂ ಮೊದಲು "ನಾನೇ ಬೇರು" ಅಂತ ಕೂಗುತ್ತೆ. ಎಲ್ಲರಿಗೂ ಒಂದೊಂದು ಸಂಖ್ಯೆ ಇದೆ. ತನಗಿಂತ ಕಡಿಮೆ ಸಂಖ್ಯೆಯವರ ಕೂಗು ಕೇಳಿದ ತಕ್ಷಣ ಸುಮ್ಮನಾಗಿ "ಸರಿ ಸ್ವಾಮಿ, ನೀವೇ ಬೇರು" ಅಂತ ಒಪ್ಪಿಕೊಳ್ಳುತ್ತೆ. ಕೊನೆಗೆ ಒಬ್ಬರೇ ಉಳಿಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಕೋಲಾರ ಬೇರಾದರೆ, ಮುಳಬಾಗಿಲು-ಶ್ರೀನಿವಾಸಪುರದ ತಂತಿ ಒಂದು ತುದಿಯಲ್ಲಿ ಮುಚ್ಚಿಕೊಳ್ಳುತ್ತೆ. ಸುತ್ತು ಮಾಯ! ಬೇರು 2 ಸೆಕೆಂಡಿಗೊಮ್ಮೆ "ನಾನಿದ್ದೀನಿ" ಅನ್ನುತ್ತಾ ಇರುತ್ತೆ. ಈ ಪುಟ್ಟ ಸಂದೇಶಗಳಿಗೆ ಬಿಪಿಡಿಯು ಅಂತ ಹೆಸರು. ಎಷ್ಟು ಸ್ವಿಚ್ಚು ಸೇರಿಸಿದರೂ ತಾನಾಗಿಯೇ ಹೊಂದಿಕೊಳ್ಳುತ್ತೆ. 1990ರಲ್ಲಿ ಇದು ಐಇಇಇ 802.1ಡಿ ಅನ್ನೋ ಮಾನದಂಡವಾಯಿತು. ಬ್ರಿಡ್ಜ್ ಅನ್ನೋದು ಜನ ತಂತ್ರಾಂಶ ಸರಿಮಾಡಿಕೊಳ್ಳುವ ತನಕದ ತಾತ್ಕಾಲಿಕ ವ್ಯವಸ್ಥೆ ಅಂತ ಪರ್ಲ್‌ಮನ್ ಅಂದುಕೊಂಡಿದ್ದರಂತೆ. ನಮ್ಮ ಕಡೆ ತಾತ್ಕಾಲಿಕ ಶೆಡ್ಡಿನ ಹಣೆಬರಹ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಇದೂ ಹಾಗೇ ಆಯಿತು.

*

ಈಗ ಆ ಮಾತನ್ನು ಇನ್ನೊಮ್ಮೆ ಓದಿ. "ತನಗಿಂತ ಕಡಿಮೆ ಸಂಖ್ಯೆಯವರ ಕೂಗು ಕೇಳಿದ ತಕ್ಷಣ ಒಪ್ಪಿಕೊಳ್ಳುತ್ತೆ." ಕೂಗಿದವರು ಯಾರು, ಅವರಿಗೆ ಆ ಯೋಗ್ಯತೆ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಬಿಪಿಡಿಯು ಮೇಲೆ ಸಹಿಯೂ ಇಲ್ಲ, ಮೊಹರೂ ಇಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ನಾವು ಏನೂ ಹೊಂದಿಸದೆ ಬಿಟ್ಟರೆ ಎಲ್ಲ ಸ್ವಿಚ್ಚುಗಳ ಆದ್ಯತೆಯೂ ಒಂದೇ, 32768. ಆಗ ಗೆಲ್ಲುವುದು ಕಾರ್ಖಾನೆಯಲ್ಲೇ ಅಚ್ಚೊತ್ತಿದ ಮ್ಯಾಕ್ ವಿಳಾಸ ಯಾರದ್ದು ಚಿಕ್ಕದೋ ಅವರು. ಒಂದೇ ಕಂಪನಿಯ ಪೆಟ್ಟಿಗೆಗಳಲ್ಲಿ ಚಿಕ್ಕ ವಿಳಾಸ ಸಾಮಾನ್ಯವಾಗಿ ಹಳೆಯದಕ್ಕೆ. ಅಂದ್ರೆ ಲಕ್ಷಗಟ್ಟಲೆ ಸುರಿದು ಕೋಲಾರದಲ್ಲಿ ದೊಡ್ಡ ಸ್ವಿಚ್ಚು ಇಟ್ಟಿದ್ದರೂ, ಮುಳಬಾಗಿಲಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತ ಮುದಿ ಪೆಟ್ಟಿಗೆಯೇ ಬೇರಾಗಬಹುದು. ಆಗ ಮುಚ್ಚಿಕೊಳ್ಳುವುದು ಕೋಲಾರ-ಶ್ರೀನಿವಾಸಪುರದ ತಂತಿ. ಶ್ರೀನಿವಾಸಪುರದಿಂದ ಪಕ್ಕದ ಕೋಲಾರಕ್ಕೆ ಹೋಗುವುದೆಲ್ಲಾ ಮುಳಬಾಗಿಲು ಸುತ್ತಿಕೊಂಡು, ಆ ಮುದುಕನ ಹೆಗಲ ಮೇಲೆ ಹೋಗಬೇಕು. ಯಾರೂ ಕೆಟ್ಟದ್ದು ಮಾಡಿಲ್ಲ, ಆದ್ರೂ ನೆಟ್‌ವರ್ಕ್ ನಿಧಾನ!

ಕೆಟ್ಟದ್ದು ಮಾಡಬೇಕು ಅಂತಲೇ ಬಂದರೆ? ಒಂದು ಲ್ಯಾಪ್‌ಟಾಪ್ ತಂದು ಗೋಡೆಯ ಪೋರ್ಟಿಗೆ ಸಿಕ್ಕಿಸಿ "ನನ್ನ ಆದ್ಯತೆ ಸೊನ್ನೆ, ನಾನೇ ಬೇರು" ಅಂದರೆ ಸಾಕು, ಇಡೀ ಮರ ಅವನ ಸುತ್ತ ತಿರುಗಿ ನಿಲ್ಲುತ್ತೆ. 2005ರಲ್ಲಿ ಯೂರೋಪಿನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ "ಯೆರ್ಸಿನಿಯಾ" ಅನ್ನೋ ಉಪಕರಣವನ್ನು ಪರಿಚಯಿಸಿದರು. ಪ್ಲೇಗಿನ ರೋಗಾಣುವಿನ ಹೆಸರು! ಇಂಥ ಸುಳ್ಳು ಬಿಪಿಡಿಯುಗಳನ್ನು ಅದರಲ್ಲಿ ಯಾರು ಬೇಕಾದರೂ ಹೊರಡಿಸಬಹುದಿತ್ತು.

ವಿಚಿತ್ರ ಏನು ಗೊತ್ತೇ? ಇದೇ ರೇಡಿಯಾ ಪರ್ಲ್‌ಮನ್ 1988ರಲ್ಲಿ ಎಂಐಟಿಯಲ್ಲಿ ಪಡೆದ ಡಾಕ್ಟರೇಟಿನ ವಿಷಯ, ಸುಳ್ಳು ಹೇಳುವ ಯಂತ್ರಗಳು ನಡುವೆ ಸೇರಿಕೊಂಡರೂ ಕೆಲಸ ಮಾಡುವ ನೆಟ್‌ವರ್ಕ್ ಕಟ್ಟುವುದು ಹೇಗೆ ಅನ್ನೋದು. ಸುಳ್ಳಿನ ಬಗ್ಗೆ ಆಕೆಗೆ ಗೊತ್ತಿರಲಿಲ್ಲ ಅಂತಲ್ಲ. ಆದ್ರೆ ಸ್ಪ್ಯಾನಿಂಗ್ ಟ್ರೀ ಹುಟ್ಟಿದ್ದು ಒಂದೇ ಕಟ್ಟಡದೊಳಗೆ, ಒಂದೇ ಸಂಸ್ಥೆಯ ನಾಲ್ಕು ಪೆಟ್ಟಿಗೆಗಳ ನಡುವೆ. ಮನೆಯವರನ್ನು ಯಾರು ಅನುಮಾನಿಸುತ್ತಾರೆ?

*

ಮನೆಯವರೇ ತುಂಬಾ ಜನ ಆದಾಗ ಏನಾಗುತ್ತೆ ಅನ್ನೋದು 2002ರಲ್ಲಿ ಗೊತ್ತಾಯಿತು. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ. ಹಾರ್ವರ್ಡಿಗೆ ಸೇರಿದ, ಗಣಕೀಕರಣಕ್ಕೆ ಹೆಸರಾದ ದೊಡ್ಡ ಆಸ್ಪತ್ರೆ. ವರ್ಷಗಳ ಕಾಲ ಬೇಕಾದಲ್ಲೆಲ್ಲಾ ಸ್ವಿಚ್ಚು ಸೇರಿಸುತ್ತಾ ಸೇರಿಸುತ್ತಾ ಒಂದೇ ಮರ ಬೆಳೆದಿತ್ತು. ಹಳೆಯ ಸ್ಪ್ಯಾನಿಂಗ್ ಟ್ರೀಯ ಲೆಕ್ಕಾಚಾರ ನಿಂತಿರುವುದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚೆಂದರೆ 7 ಸ್ವಿಚ್ಚು ಅನ್ನೋ ಅಂದಾಜಿನ ಮೇಲೆ. ಇಲ್ಲಿ ಕೆಲವು ಕಡೆ ಅದು 10ಕ್ಕೆ ಹೋಗಿತ್ತು. ನವೆಂಬರ್ 13ರಂದು ಒಬ್ಬ ಸಂಶೋಧಕರ ತಂತ್ರಾಂಶ ಭಾರೀ ದತ್ತಾಂಶವನ್ನು ನೆಟ್‌ವರ್ಕಿಗೆ ಸುರಿಯಿತು. ಆ ಪ್ರವಾಹದಲ್ಲಿ ಬಿಪಿಡಿಯುಗಳು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಮುಚ್ಚಿರಬೇಕಾದ ಪೋರ್ಟುಗಳು ತೆರೆದುಕೊಂಡವು. ಸುತ್ತು ಶುರು.

ಸುಮಾರು ನಾಲ್ಕು ದಿನ. ತುರ್ತು ಚಿಕಿತ್ಸಾ ವಿಭಾಗ ಕೆಲವು ಗಂಟೆ ಆಂಬುಲೆನ್ಸುಗಳನ್ನು ಬೇರೆ ಕಡೆಗೆ ಕಳಿಸಬೇಕಾಯಿತು. ಲ್ಯಾಬಿನ ವರದಿಗಳನ್ನು ಹಿಡಿದು ಜನ ಮಹಡಿಯಿಂದ ಮಹಡಿಗೆ ಓಡಿದರು. ಕಾಗದದ ಮೇಲೆ ಔಷಧಿ ಬರೆದು ಅಭ್ಯಾಸವೇ ಇಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಕಲಿಸಿಕೊಟ್ಟರು. ತಯಾರಕ ಕಂಪನಿ ಸಿಸ್ಕೋದ ತಜ್ಞರು ಬಂದು, ಹೊಸ ಉಪಕರಣ ತರಿಸಿ ನೆಟ್‌ವರ್ಕನ್ನು ಹೊಸದಾಗಿ ಕಟ್ಟಬೇಕಾಯಿತು. ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಸ್ಥ, ಸ್ವತಃ ವೈದ್ಯರಾದ ಜಾನ್ ಹಾಲಂಕ ಇದನ್ನು ಮುಚ್ಚಿಡಲಿಲ್ಲ. ಏನಾಯಿತು, ತಾವು ಏನು ಕಲಿತೆವು ಅಂತ ಬಹಿರಂಗವಾಗಿ ಎಲ್ಲರಿಗೂ ಹೇಳಿದರು. ನೋಡಿ, ಅಲ್ಲೂ ಒಬ್ಬ ಸಂಶೋಧಕ ಇದ್ದ, ಇಲ್ಲಿ ಒಬ್ಬ ಅಟೆಂಡರ್ ಇದ್ದರು. ಇಬ್ಬರೂ ತಮ್ಮ ಕೆಲಸ ಮಾಡಿದ್ದರು, ಅಷ್ಟೇ. ಒಬ್ಬರ ಕೈ ತಗುಲಿದ್ದಕ್ಕೆ ಇಡೀ ಮರ ಬೀಳುತ್ತೆ ಅಂದ್ರೆ ದೋಷ ಕೈಯದ್ದಲ್ಲ.

*

ಇನ್ನು ಬೇಲಿಯ ವಿಷಯ. ಶ್ರೀನಿವಾಸಪುರದ ನಮ್ಮ ಮಾವ ಮಾವಿನ ತೋಟ ಇಟ್ಟವರು. ಅವರು ಹೇಳೋದು, "ಗಿಡ ನೆಡೋದು ಒಂದಿನದ ಕೆಲ್ಸ, ಬೇಲಿ ವರ್ಷಾ ವರ್ಷಾ ನೋಡ್ಬೇಕು" ಅಂತ. ಸ್ಪ್ಯಾನಿಂಗ್ ಟ್ರೀಗೆ ಬೇಲಿಗಳು ಬಂದದ್ದು ಬಹಳ ತಡವಾಗಿ, 2000ದ ಆಸುಪಾಸಿನಲ್ಲಿ, ಅದೂ ಮಾನದಂಡದಿಂದಲ್ಲ, ಸ್ವಿಚ್ಚು ಮಾರುವ ಕಂಪನಿಗಳಿಂದ. ಸಿಸ್ಕೋ ಇಟ್ಟ ಹೆಸರುಗಳೇ ಎಲ್ಲರ ಬಾಯಲ್ಲೂ ನಿಂತಿವೆ.

ಮೊದಲನೆಯದು ಬಿಪಿಡಿಯು ಗಾರ್ಡ್. ಬಳಕೆದಾರರ ಕಂಪ್ಯೂಟರ್ ಕೂರುವ ಪೋರ್ಟಿನಿಂದ ಬಿಪಿಡಿಯು ಬರಲೇಬಾರದು, ಕಂಪ್ಯೂಟರುಗಳು ಅದನ್ನು ಮಾತಾಡುವುದೇ ಇಲ್ಲ. ಬಂತು ಅಂದ್ರೆ ಯಾರೋ ಸ್ವಿಚ್ಚು ಸೇರಿಸಿದ್ದಾರೆ, ಇಲ್ಲಾ ಸುತ್ತು ಹಾಕಿದ್ದಾರೆ. ಮಾತಿಲ್ಲ ಕಥೆಯಿಲ್ಲ, ಆ ಪೋರ್ಟ್ ಬಂದ್. ಉಳಿದವರೆಲ್ಲಾ ಕ್ಷೇಮ.

ಎರಡನೆಯದು ರೂಟ್ ಗಾರ್ಡ್. ಕೋಲಾರದ ಸ್ವಿಚ್ಚಿನಲ್ಲಿ ತಾಲ್ಲೂಕುಗಳ ಕಡೆ ಮುಖ ಮಾಡಿದ ಪೋರ್ಟುಗಳಿಗೆ ಇದನ್ನು ಹಾಕಬೇಕು. ಆ ಕಡೆಯಿಂದ ಯಾರಾದರೂ "ನಾನು ನಿನಗಿಂತ ಒಳ್ಳೆಯ ಬೇರು" ಅಂದರೆ, ಕೋಲಾರ ತಲೆಬಾಗುವುದಿಲ್ಲ, ಆ ಬಾಗಿಲನ್ನು ಮುಚ್ಚುತ್ತೆ. ಕೂಗು ನಿಂತ ಮೇಲೆ ತಾನಾಗಿ ತೆರೆಯುತ್ತೆ. ಜೊತೆಗೆ ಕೋಲಾರಕ್ಕೆ ನಾವೇ ಕಡಿಮೆ ಆದ್ಯತೆಯ ಸಂಖ್ಯೆ ಕೊಟ್ಟು ಬೇರು ಯಾರು ಅಂತ ಮೊದಲೇ ತೀರ್ಮಾನಿಸಿಬಿಡಬೇಕು.

ಮೂರನೆಯದು ಲೂಪ್ ಗಾರ್ಡ್. ನನಗೆ ಬಹಳ ಇಷ್ಟವಾದದ್ದು. ಮುಳಬಾಗಿಲಿನಲ್ಲಿ ಮುಚ್ಚಿಕೊಂಡ ಪೋರ್ಟ್ ಸುಮ್ಮನೆ ಕೂತಿಲ್ಲ, ಶ್ರೀನಿವಾಸಪುರದ ಬಿಪಿಡಿಯುಗಳನ್ನು ಕೇಳಿಸಿಕೊಳ್ಳುತ್ತಾ ಇರುತ್ತೆ. ಅವು ನಿಂತರೆ "ಆ ಕಡೆಯವರು ಹೋದರು, ಇನ್ನು ನಾನು ತೆರೆಯಬಹುದು" ಅಂದುಕೊಳ್ಳುತ್ತೆ. ಆದ್ರೆ ಫೈಬರಿನಲ್ಲಿ ಹೋಗುವ ಎಳೆ ಬೇರೆ, ಬರುವ ಎಳೆ ಬೇರೆ. ಒಂದು ಎಳೆ ಮಾತ್ರ ಕೆಟ್ಟಿದ್ದರೆ ಕಿವಿಗೆ ಏನೂ ಕೇಳದು, ಬಾಯಿ ಮಾತ್ರ ಚೆನ್ನಾಗಿರುತ್ತೆ. ಪೋರ್ಟ್ ತೆರೆದ ತಕ್ಷಣ ಸುತ್ತು! ಮೌನಂ ಸಮ್ಮತಿ ಲಕ್ಷಣಂ ಅಂತ ನಂಬಬೇಡ ಅನ್ನೋದೇ ಲೂಪ್ ಗಾರ್ಡ್. ಬಿಪಿಡಿಯು ಥಟ್ಟನೆ ನಿಂತರೆ ತೆರೆಯುವುದಲ್ಲ, ಇನ್ನೂ ಭದ್ರವಾಗಿ ಮುಚ್ಚಿಕೊಳ್ಳುತ್ತೆ.

ಈ ಮಧ್ಯೆ ಮರವನ್ನೂ ತಿದ್ದಿದರು. ಹಳೆಯದರಲ್ಲಿ ಒಂದು ತಂತಿ ಹೋದರೆ ಹೊಸ ದಾರಿ ತೆರೆಯಲು 30ರಿಂದ 50 ಸೆಕೆಂಡು ಬೇಕಿತ್ತು. 2001ರ 802.1ಡಬ್ಲ್ಯೂ ಅದನ್ನು ಬಹುಪಾಲು ಸಂದರ್ಭಗಳಲ್ಲಿ ಒಂದೆರಡು ಸೆಕೆಂಡಿಗೋ ಅದಕ್ಕೂ ಕಡಿಮೆಗೋ ಇಳಿಸಿತು. 2004ರ ಪರಿಷ್ಕರಣೆಯಲ್ಲಿ ಹಳೆಯದನ್ನು ಮಾನದಂಡದಿಂದ ತೆಗೆದೇಬಿಟ್ಟರು. ಪರ್ಲ್‌ಮನ್ ಕೂಡ ಸುಮ್ಮನೆ ಕೂರಲಿಲ್ಲ. ತಮ್ಮದೇ ಮರದ ಬದಲಿಗೆ ಟ್ರಿಲ್ ಅನ್ನೋ ಹೊಸ ವಿಧಾನ ರೂಪಿಸಿದರು, 2011ರಲ್ಲಿ ಅದರ ಮಾನದಂಡ ಬಂತು. ಅದರಲ್ಲಿ ಫ್ರೇಮಿಗೆ ಕೊನೆಗೂ ಆಯುಸ್ಸಿನ ಸಂಖ್ಯೆ ಸಿಕ್ಕಿತು! ಆದ್ರೆ ಅದು ಅಷ್ಟಾಗಿ ಹರಡಲಿಲ್ಲ. ದೊಡ್ಡ ಡೇಟಾ ಸೆಂಟರುಗಳು ರೌಟಿಂಗಿನ ದಾರಿ ಹಿಡಿದವು, ಅಂದ್ರೆ ಆಕೆ ಮೊದಲಿಂದ ಹೇಳುತ್ತಿದ್ದ ದಾರಿ. ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳ ಸ್ವಿಚ್ಚುಗಳಲ್ಲಿ ಮಾತ್ರ 1985ರ ಮರದ ಕುಡಿಯೇ ಇನ್ನೂ ಚಿಗುರುತ್ತಿದೆ.

*

ಹಾಗಾದ್ರೆ ನಮ್ಮ ಕಾಲೇಜಿನಲ್ಲಿ ಆಗಿದ್ದೇನು? ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ ಇತ್ತು. ಯಾರೋ ಅದನ್ನು ಆಫ್ ಮಾಡಿದ್ದರು. ಯಾಕೆ ಅಂತ ಲ್ಯಾಬ್ ನೋಡಿಕೊಳ್ಳುತ್ತಿದ್ದವರೊಬ್ಬರು ಆಮೇಲೆ ಹೇಳಿದರು. ಕಂಪ್ಯೂಟರ್ ಆನ್ ಮಾಡಿದ ಮೇಲೆ ನೆಟ್‌ವರ್ಕ್ ಸಿಗಲು ಅರ್ಧ ನಿಮಿಷ ಹಿಡಿಯುತ್ತಿತ್ತಂತೆ. ಹಳೆಯ ವಿಧಾನದಲ್ಲಿ ಪೋರ್ಟ್ ತೆರೆಯುವ ಮೊದಲು 15 ಸೆಕೆಂಡು ಕೇಳಿಸಿಕೊಳ್ಳುತ್ತೆ, ಇನ್ನೊಂದು 15 ಸೆಕೆಂಡು ಕಲಿಯುತ್ತೆ. ಹುಡುಗರು ದೂರಿದರು, ಯಾರೋ ಮರವನ್ನೇ ಕಡಿದುಹಾಕಿದರು. ಆ ಪೋರ್ಟುಗಳಿಗೆ ಮಾತ್ರ ಪೋರ್ಟ್‌ಫಾಸ್ಟ್ ಅನ್ನೋ ಒಂದು ಸಾಲು ಬರೆದು, ಜೊತೆಗೆ ಬಿಪಿಡಿಯು ಗಾರ್ಡ್ ಅನ್ನೋ ಇನ್ನೊಂದು ಸಾಲು ಬರೆದಿದ್ದರೆ ಕಾಯುವುದೂ ತಪ್ಪುತ್ತಿತ್ತು, ಅಣ್ಣ ಕೇಬಲ್ ಸಿಕ್ಕಿಸಿದ ಕ್ಷಣ ಪೋರ್ಟೂ ಮುಚ್ಚಿಕೊಳ್ಳುತ್ತಿತ್ತು. ಅರ್ಜಿಗಳು ಹೋಗುತ್ತಿದ್ದವು. ಯಾರೂ ಏನೂ ಬರೆದುಕೊಡಬೇಕಿರಲಿಲ್ಲ.

ಎರಡು ಸಾಲು. ಅದನ್ನು ಬರೆಯದವರನ್ನು ಯಾರೂ ಬೈಯಲಿಲ್ಲ. ನೇತಾಡುವ ಕೇಬಲ್ ನೋಡಿ ಹುಡುಗರು ಬಿದ್ದಾರು ಅಂತ ಯೋಚಿಸಿದವರು ಬೈಸಿಕೊಂಡರು. ನೆಟ್‌ವರ್ಕ್ ಅಂದ್ರೆ ಏನು ಅಂತ ಓದುತ್ತಿದ್ದ ನಾವು ನಿಂತು ನಕ್ಕೆವು.

ಮುಂದಿನ ವಾರ ಮತ್ತೆ ಊರಿಗೆ ಹೋಗುವುದಿದೆ. ಈ ಸಲ ಕೋಲಾರದಲ್ಲಿ ಇಳಿದು ಮಾಲೂರಿನ ಬಸ್ಸು ಹತ್ತಬೇಕು. ರೇಡಿಯಾ ಪರ್ಲ್‌ಮನ್, ಬಿಪಿಡಿಯು ಎಲ್ಲಾ ಹೇಳದಿದ್ದರೂ ಪರವಾಗಿಲ್ಲ. "ಅಣ್ಣ, ಆವತ್ತು ನೀವು ಏನೂ ಕೆಡಿಸಿರಲಿಲ್ಲ" ಅಂತ ಒಂದು ಮಾತು ಹೇಳಿ ಬರ್ತೀನಿ.